ಮರದ ನೆಲಕ್ಕೆ ಗೀರು ಬಿದ್ದಿದೆಯೇ? ಮೊದಲು ಪದರ ನೋಡಿ, ಆಮೇಲೆ ಡಬ್ಬದ ಮುಚ್ಚಳ ತೆಗೆಯಿರಿ

ಬೀರು ಎಳೆದಾಗ ಬಿದ್ದ ಗೀರು, ಕುರ್ಚಿಯ ಚಕ್ರ ಉರುಳಿ ಉರುಳಿ ಮಾಸಿದ ಜಾಗ, ನಾಯಿಯ ಉಗುರಿನ ಗೆರೆ, ಹೂಕುಂಡದ ಕೆಳಗಿನ ಕಪ್ಪು ಉಂಗುರ. ಮರದ ನೆಲ ಇರುವ ಮನೆಯವರ ದೂರುಗಳು ಹೆಚ್ಚುಕಮ್ಮಿ ಇವೇ. ಕೊನೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: “ಇದಕ್ಕೆ ಏನು ಹಚ್ಚಬೇಕು?”

ಅದನ್ನು ಹೇಳಬೇಕಾದರೆ ಎರಡು ಸಂಗತಿ ಗೊತ್ತಾಗಬೇಕು. ನಿಮ್ಮ ನೆಲ ಯಾವ ಬಗೆಯದು? ಗೀರು ಎಷ್ಟು ಆಳಕ್ಕೆ ಇಳಿದಿದೆ? ಮರದ ನೆಲವೆಂದರೆ ಮರ, ಅದರ ಮೇಲೊಂದು ತೆಳು ಲೇಪ. ಗೀರು ಲೇಪದಲ್ಲೇ ನಿಂತಿದ್ದರೆ ರಿಪೇರಿಯೂ ಲೇಪದಲ್ಲೇ ನಿಲ್ಲಬೇಕು. ಕೂದಲೆಳೆಯಂಥ ಗೆರೆಗೆ 80 ನಂಬರಿನ ಉಪ್ಪುಕಾಗದ (ನಂಬರು ಕಡಿಮೆಯಾದಷ್ಟೂ ಕಾಗದ ಒರಟು) ಹಾಕಿ ಉಜ್ಜಿ, ಅಂಗೈ ಅಗಲದ ಬಿಳಿ ಕಲೆ ಮಾಡಿಕೊಂಡವರೇ ಹೆಚ್ಚು. ಗೀರಿಗಿಂತ ದೊಡ್ಡ ರಿಪೇರಿ ಮಾಡಲು ಹೋಗಬೇಡಿ ಎನ್ನುವುದಕ್ಕೇ ಈ ಲೇಖನ.

1. ನೆಲ ಯಾವುದೆಂದು ಪತ್ತೆ ಮಾಡಿ

ಬಿಲ್ಡರ್ ಕೊಟ್ಟ ಕಾಗದದಲ್ಲಿ ‘ವುಡನ್ ಫ್ಲೋರಿಂಗ್’ ಎಂದಿದ್ದರೆ ಅದನ್ನೇ ನಂಬಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಾಸ್ಟರ್ ಬೆಡ್‌ರೂಮಿನಲ್ಲಿ ಹಾಸಿರುವುದು ಬಹಳಷ್ಟು ಕಡೆ ಲ್ಯಾಮಿನೇಟ್. ಹಲಗೆಯ ಅಂಚು ಕಂಡರೆ ಗುಟ್ಟು ತಿಳಿಯುತ್ತದೆ. ಬಾಗಿಲ ಹೊಸ್ತಿಲ ಬಳಿ ಟೈಲ್ಸ್ ಮತ್ತು ಮರ ಸೇರುವಲ್ಲಿ ಒಂದು ಲೋಹದ ಅಥವಾ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದನ್ನು ಮೆಲ್ಲಗೆ ಎತ್ತಿ, ಟಾರ್ಚ್ ಬಿಟ್ಟು ಅಂಚು ನೋಡಿ.

ಲ್ಯಾಮಿನೇಟ್: ಸಾಮಾನ್ಯವಾಗಿ 8 ಅಥವಾ 12 ಮಿ.ಮೀ. ದಪ್ಪ. ಒಳಗೆ ಕಂದು ಬಣ್ಣದ ಒತ್ತು ಹಲಗೆ (ಎಚ್‌ಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ್ದು), ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದ, ಅದರ ಮೇಲೆ ಗಟ್ಟಿ ಪಾರದರ್ಶಕ ಪದರ. ನಾಲ್ಕಾರು ಹಲಗೆಗಳನ್ನು ದಿಟ್ಟಿಸಿದರೆ ಒಂದೇ ಗಂಟು, ಒಂದೇ ಎಳೆ ಮತ್ತೆ ಮತ್ತೆ ಬಂದಿರುತ್ತದೆ. ನಿಜವಾದ ಮರದಲ್ಲಿ ಹಾಗಾಗದು.

ಎಂಜಿನಿಯರ್ಡ್ ವುಡ್: ಕೆಳಗೆ ಪ್ಲೈವುಡ್‌ನ ಪದರಗಳು ಇಲ್ಲವೇ ಎಚ್‌ಡಿಎಫ್, ಮೇಲೆ ನಿಜವಾದ ಮರದ ಹಾಳೆ. ಈ ಹಾಳೆಗೆ ವೆನೀರ್ ಎನ್ನುತ್ತಾರೆ. ಅದು 0.6 ಮಿ.ಮೀ.ಯಿಂದ 4 ಮಿ.ಮೀ.ವರೆಗೆ ಇರಬಹುದು, ಕೆಲವದರಲ್ಲಿ ಇನ್ನೂ ದಪ್ಪ. ಆ ಸಂಖ್ಯೆ ಎಷ್ಟು ಎನ್ನುವುದರ ಮೇಲೆ ನಿಮ್ಮ ನೆಲದ ಆಯುಷ್ಯ ನಿಂತಿದೆ.

ಗಟ್ಟಿಮರ: ಮೇಲಿನಿಂದ ಕೆಳಗಿನವರೆಗೆ ಒಂದೇ ಮರ, 18ರಿಂದ 20 ಮಿ.ಮೀ. ಮಲೆನಾಡು, ಕೊಡಗಿನ ಹಳೆ ಮನೆಗಳ ಮಾಳಿಗೆಯ ಹಲಗೆಗಳು ಇದಕ್ಕಿಂತ ದಪ್ಪವೂ ಇರುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಕಾಣುವ ಓಕ್ ನೆಲ ಮುಕ್ಕಾಲು ಇಂಚಿನ ಗಟ್ಟಿಮರವೋ ಎಂಜಿನಿಯರ್ಡ್ ಹಲಗೆಯೋ ಆಗಿರುತ್ತದೆ. ಅಲ್ಲಿ ನೆಲದಲ್ಲೇ ಬಿಸಿಗಾಳಿಯ ಜಾಲರಿ ಇದ್ದರೆ ಅದನ್ನೆತ್ತಿ ಅಂಚು ನೋಡಬಹುದು.

4ರಿಂದ 6 ಮಿ.ಮೀ. ದಪ್ಪದ, ಬಾಗಿಸಿದರೆ ಪ್ಲಾಸ್ಟಿಕ್ಕಿನಂತೆ ಅನ್ನಿಸುವ ಹಲಗೆ ನಿಮ್ಮದಾದರೆ ಅದು ವಿನೈಲ್. ಅದರಲ್ಲಿ ಮರವೇ ಇಲ್ಲ. ಈ ಲೇಖನದಲ್ಲಿ ಶುಚಿಯ ಭಾಗ ಮಾತ್ರ ನಿಮಗೆ ಅನ್ವಯ.

2. ಮೇಲಿನ ಲೇಪ ಯಾವುದು?

ಲ್ಯಾಮಿನೇಟ್ ಆಗಿದ್ದರೆ ಈ ಹಂತ ಬಿಡಿ. ನಿಜವಾದ ಮರವಾಗಿದ್ದರೆ ಮಂಚದ ಕೆಳಗೋ ಬೀರುವಿನ ಹಿಂದೋ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ನಾಲ್ಕು ಪರೀಕ್ಷೆ ಮಾಡಿ.

ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಹನಿ ಮುತ್ತಿನಂತೆ ನಿಂತಿದ್ದರೆ ಲೇಪ ಗಟ್ಟಿಯಿದೆ. ಹನಿ ಇಂಗಿ ಮರ ಕಪ್ಪಗಾದರೆ ಅದು ಎಣ್ಣೆ ಉಣಿಸಿದ ನೆಲ, ಇಲ್ಲವೇ ಲೇಪ ಸವೆದುಹೋಗಿದೆ.

ಕಿವಿ ಕಡ್ಡಿಯ ಹತ್ತಿಯನ್ನು ಸ್ಪಿರಿಟ್‌ನಲ್ಲಿ (ಪೇಂಟ್ ಅಂಗಡಿಯಲ್ಲಿ ಫ್ರೆಂಚ್ ಪಾಲಿಶ್‌ಗೆಂದು ಕೊಡುವ ಡಿನೇಚರ್ಡ್ ಸ್ಪಿರಿಟ್) ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಅದು ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ ಥಿನ್ನರ್‌ಗೆ (ಲ್ಯಾಕರ್ ತೆಳು ಮಾಡುವ ದ್ರವ) ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್), ಮೆಲಮೈನ್ ಅಥವಾ ಕಾರ್ಖಾನೆಯಲ್ಲೇ ಹಾಕಿ ಬಂದ ಯುವಿ ಲೇಪ.

ನಾಲ್ಕನೆಯದು ಮೇಣದ ಪರೀಕ್ಷೆ. ಬಿಳಿ ಬಟ್ಟೆಗೆ ಸ್ವಲ್ಪ ಎಂಟಿಒ (ಮಿನರಲ್ ಟರ್ಪಂಟೈನ್, ಪೇಂಟ್ ತೆಳು ಮಾಡಲು ಬಳಸುವ ದ್ರವ) ಹಾಕಿ ಉಜ್ಜಿ. ಬಟ್ಟೆಗೆ ಹಳದಿ ಅಥವಾ ಕಂದು ಜಿಡ್ಡು ಹತ್ತಿದರೆ ಹಿಂದೆ ಯಾರೋ ಮೇಣದ ಪಾಲಿಶ್ ಹಾಕಿದ್ದಾರೆ. ಈ ಪರೀಕ್ಷೆ ಬಿಡಬೇಡಿ. ಮೇಣದ ಮೇಲೆ ಪಿಯು ನಿಲ್ಲುವುದಿಲ್ಲ. ಹಚ್ಚುವಾಗ ಚೆನ್ನಾಗಿ ಕಂಡರೂ ಮೀನಿನ ಕಣ್ಣಿನಂಥ ಗುಳಿಗಳಾಗಿ ಒಡೆಯುತ್ತದೆ, ಇಲ್ಲವೇ ಒಂದು ತಿಂಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ತೆಂಗಿನೆಣ್ಣೆ ಹಚ್ಚಿ ‘ಹೊಳಪು’ ತಂದ ನೆಲಕ್ಕೂ ಇದೇ ಗತಿ. ತೆಂಗಿನೆಣ್ಣೆ ಅಗಸೆ ಎಣ್ಣೆಯಂತೆ ಆರಿ ಗಟ್ಟಿಯಾಗುವ ಜಾತಿಯಲ್ಲ. ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ.

3. ಗೀರಿನ ಆಳ ಅಳೆಯಿರಿ

ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲದ ಮೇಲೆ ಮಲಗಿಸಿ ಬೆಳಕು ಓರೆಯಾಗಿ ಹರಿಯುವಂತೆ ಬಿಡಿ. ಹಗಲಲ್ಲಿ ಕಾಣದ ಗೀರೆಲ್ಲ ಎದ್ದು ಕಾಣುತ್ತದೆ. (ಕಂಡದ್ದೆಲ್ಲ ಸರಿಮಾಡಲು ಹೊರಡಬೇಡಿ. ಟಾರ್ಚಿನ ಬೆಳಕಿನಲ್ಲಿ ಯಾವ ನೆಲವೂ ಪಾಸಾಗುವುದಿಲ್ಲ.) ಈಗ ಹೆಬ್ಬೆರಳಿನ ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ.

ಉಗುರು ಎಡವದೆ ಜಾರಿದರೆ ಗೀರು ಲೇಪದಲ್ಲಿದೆ. ಗೆರೆ ಬೆಳ್ಳಗೆ ಕಾಣುತ್ತದೆ, ತೇವ ಮಾಡಿದರೆ ಮಾಯವಾಗುತ್ತದೆ. ಉಗುರು ಸಿಕ್ಕಿಕೊಂಡರೆ, ಗೀರಿನ ಒಳಗೆ ಬೇರೆಯೇ ಬಣ್ಣ ಕಂಡರೆ, ಲೇಪ ಕಡಿದು ಮರಕ್ಕೆ ತಾಗಿದೆ. ಒಂದು ಮಿ.ಮೀ.ಗಿಂತ ಆಳವಾಗಿ ನಾರು ಕಿತ್ತು ಬಂದಿದ್ದರೆ ಅದು ಹಳ್ಳ, ತುಂಬಲೇಬೇಕು. ಇನ್ನು ನಾರು ಕಡಿಯದೆ ಬರೀ ಒತ್ತಿಹೋಗಿದ್ದರೆ, ಅಂದರೆ ಗುಂಡುಕಲ್ಲು ಬಿದ್ದಂತೆ ನೆಗ್ಗಿದ್ದರೆ, ಅದರ ಚಿಕಿತ್ಸೆಯೇ ಬೇರೆ.

4. ಬೇಕಾದ ಸಾಮಾನು

ಉಪ್ಪುಕಾಗದ 150, 220, 320 ನಂಬರಿನವು ಒಂದೊಂದು ಹಾಳೆ. ಅದನ್ನು ಸುತ್ತಲು ಬೆಂಕಿಪೊಟ್ಟಣದಷ್ಟು ದೊಡ್ಡ ಮರದ ತುಂಡು. ಒಂದಿಂಚಿನ ಮಾಸ್ಕಿಂಗ್ ಟೇಪ್. ಅರ್ಧ ಲೀಟರ್ ಎಂಟಿಒ. ಹಳೆ ಪಂಚೆಯ ಬಿಳಿ ಬಟ್ಟೆ. ಎರಡು ಮೈಕ್ರೊಫೈಬರ್ ಬಟ್ಟೆ. ಮೂರು ಛಾಯೆಯ ಮೇಣದ ಕಡ್ಡಿ (ಫರ್ನಿಚರ್ ರಿಪೇರಿಯ ವ್ಯಾಕ್ಸ್ ಸ್ಟಿಕ್). ಮರದ ಬಣ್ಣದ ಟಚ್‌ಅಪ್ ಪೆನ್ನು. ಅವಧಿ ಮುಗಿದ ಎಟಿಎಂ ಕಾರ್ಡು. ಒಂದಿಂಚಿನ ಮೃದು ಬ್ರಷ್. ಸಿಗುವುದರಲ್ಲಿ ಚಿಕ್ಕ ಡಬ್ಬ ಪಿಯು. ಕೈಗವಸು, ಎನ್95 ಮಾಸ್ಕ್ ಇರಲಿ. ಮರದ ಧೂಳು ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ.

ಪಿಯು ಕೊಳ್ಳುವಾಗ ಎಚ್ಚರ. ನಮ್ಮಲ್ಲಿ ಬಡಗಿಗಳು ಬಳಸುವುದು ಹೆಚ್ಚಾಗಿ ಎರಡು ಡಬ್ಬದ ಪಿಯು: ಬೇಸ್ ಒಂದು, ಗಟ್ಟಿಯಾಗಿಸುವ ಹಾರ್ಡ್‌ನರ್ ಇನ್ನೊಂದು. ಬೆರೆಸಿದ ಕೆಲವು ಗಂಟೆಗಳಲ್ಲಿ ಮಿಕ್ಕದ್ದು ಕಲ್ಲಾಗುತ್ತದೆ. ಅಂಗೈಯಷ್ಟು ಜಾಗಕ್ಕೆ ಅದು ದಂಡ. ಒಂದೇ ಡಬ್ಬದ, ನೀರು ಆಧಾರಿತ ಪಿಯು ಕೇಳಿ. ಹೊಳಪೂ ನಿಮ್ಮ ನೆಲಕ್ಕೆ ಹೊಂದಬೇಕು. ಮ್ಯಾಟ್ (ಹೊಳಪಿಲ್ಲದ) ನೆಲದ ಮೇಲೆ ಗ್ಲಾಸಿ ಹಚ್ಚಿದರೆ ಗೀರು ಹೋಗಿ ಕನ್ನಡಿ ಬಂತು ಎನ್ನುವಂತಾಗುತ್ತದೆ.

5. ಲೇಪದಲ್ಲೇ ನಿಂತ ಗೀರು

ಮೊದಲು ಅದು ಗೀರು ಹೌದೋ ಅಲ್ಲವೋ ನೋಡಿ. ಚಪ್ಪಲಿಯ ರಬ್ಬರು, ಕುರ್ಚಿಯ ಬುಡ ಉಜ್ಜಿ ಬಂದ ಕಪ್ಪು ಗೆರೆ ನೆಲದ ಮೇಲೆ ಕೂತ ಕೊಳೆ ಅಷ್ಟೆ. ಪೆನ್ಸಿಲ್ ಅಳಿಸುವ ರಬ್ಬರು ಸಾಕು. ಹೋಗದಿದ್ದರೆ ಎಂಟಿಒ ತಾಗಿಸಿದ ಬಟ್ಟೆ.

ಫ್ರೆಂಚ್ ಪಾಲಿಶ್ ನೆಲವಾದರೆ ಕೆಲಸ ಸುಲಭ. ಬಟ್ಟೆಯ ಉಂಡೆಗೆ ಒಂದೆರಡು ಹನಿ ಸ್ಪಿರಿಟ್ ಹಾಕಿ, ಅಂಗೈ ಮೇಲೆ ಒಮ್ಮೆ ಒತ್ತಿ ಹೆಚ್ಚಿನದನ್ನು ತೆಗೆದು, ಗೀರಿನ ಉದ್ದಕ್ಕೂ ಹಗುರವಾಗಿ ಒಂದೇ ದಿಕ್ಕಿಗೆ ಸವರಿ. ಅರಗು ಕರಗಿ ತಾನೇ ಗೀರನ್ನು ಮುಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ನೆಲದ ಮೇಲೆ ನಿಲ್ಲಿಸಬೇಡಿ, ನಿಂತಲ್ಲಿ ಕಲೆ ಬೀಳುತ್ತದೆ.

ಪಿಯು ಹಾಗೆ ಮತ್ತೆ ಕರಗುವುದಿಲ್ಲ. ಹಳೆಯ ಪದರದ ಮೇಲೆ ಹೊಸದು ಹಿಡಿಯಬೇಕಾದರೆ ಸಣ್ಣಗೆ ಉಜ್ಜಿ ಹಿಡಿತ ಕೊಡಬೇಕು. ಒಂದೆರಡು ಗೀರಾದರೆ ಮಾಡುವ ಕ್ರಮ ಹೀಗೆ:

ಗೀರಿರುವ ಇಡೀ ಹಲಗೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಗೀರಿನ ಸುತ್ತ ಮಾತ್ರ ಹಚ್ಚಿದರೆ ಎಷ್ಟೇ ನಾಜೂಕಾಗಿ ಮಾಡಿದರೂ ತೇಪೆ ಎದ್ದು ಕಾಣುತ್ತದೆ. ಹಲಗೆಯ ಅಂಚಿಗೇ ಲೇಪ ಮುಗಿದರೆ ಕಣ್ಣು ಅದನ್ನು ಬೇರೆ ಹಲಗೆಯೆಂದು ಒಪ್ಪಿಕೊಳ್ಳುತ್ತದೆ. ಎಂಟಿಒ ಹಾಕಿ ಒರೆಸಿ, ಅರ್ಧ ಗಂಟೆ ಆರಲು ಬಿಡಿ. 320 ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೆ, ಹೊಳಪು ಮಂಕಾಗುವಷ್ಟು ಮಾತ್ರ ಉಜ್ಜಿ. ಅಡ್ಡ ಉಜ್ಜಿದರೆ ಆ ಗೆರೆಗಳೆಲ್ಲ ಪಿಯು ಬಿದ್ದ ಮೇಲೆ ಹೊಸ ಗೀರಾಗಿ ಹೊಳೆಯುತ್ತವೆ. ಧೂಳನ್ನು ತುಸು ತೇವದ ಮೈಕ್ರೊಫೈಬರ್‌ನಿಂದ ತೆಗೆಯಿರಿ. ಪಿಯು ಡಬ್ಬವನ್ನು ಕುಲುಕದೆ ಕಡ್ಡಿಯಿಂದ ತಳ ಮುಟ್ಟಿ ತಿರುವಿ. ಕುಲುಕಿದರೆ ಗುಳ್ಳೆ, ತಿರುವದಿದ್ದರೆ ಮ್ಯಾಟ್ ಮಾಡುವ ಪುಡಿ ತಳದಲ್ಲೇ ಉಳಿದು ಲೇಪ ಹೊಳೆಯುತ್ತದೆ. ತೆಳುವಾಗಿ ಒಂದು ಕೈ ಹಚ್ಚಿ, ಟೇಪನ್ನು ಲೇಪ ಹಸಿಯಿರುವಾಗಲೇ ತೆಗೆಯಿರಿ. ಎರಡನೇ ಕೈ ಬೇಕೆನಿಸಿದರೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮತ್ತೆ ಟೇಪ್ ಹಚ್ಚಿ, 320ರಲ್ಲಿ ಮೃದುವಾಗಿ ಉಜ್ಜಿ ಹಚ್ಚಿ.

ಕೆಲಸದ ಹೊತ್ತಿಗೆ ಫ್ಯಾನ್ ಆರಿಸಿ, ಕಿಟಕಿ ತೆಗೆದಿಡಿ. ಎಂಟಿಒ, ಥಿನ್ನರ್, ಸ್ಪಿರಿಟ್ ಬಳಸುವಾಗ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಎಲ್ಲವೂ ಆರಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನೀರಿನ ಪಿಯು ಮೇಲೆ ಮರುದಿನ ಬರಿಗಾಲಲ್ಲಿ ನಡೆಯಬಹುದು. ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಎಣ್ಣೆ ಆಧಾರಿತ ಪಿಯು ಆದರೆ ಒಂದು ತಿಂಗಳವರೆಗೂ. ಅಲ್ಲಿಯವರೆಗೆ ಜಮಖಾನ ಹಾಸಬೇಡಿ, ಬೀರು ಇಡಬೇಡಿ. ಮಳೆಗಾಲದ ತೇವದಲ್ಲಿ ಈ ಕೆಲಸ ಮಾಡುವುದಕ್ಕಿಂತ ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡುವುದು ಲೇಸು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲ್ಯಾಕರ್ ಮೇಲೆ ಬಿಳಿ ಮಬ್ಬು ಕೂರುತ್ತದೆ, ಎರಡು ಡಬ್ಬದ ಪಿಯುನಲ್ಲಿ ಗುಳ್ಳೆ ಏಳುತ್ತದೆ.

ಅಕ್ರೋಟ್ ಬೀಜ ಉಜ್ಜುವ ಉಪಾಯದ ಬಗ್ಗೆಯೂ ಕೇಳುತ್ತಾರೆ. ಬೀಜದ ಎಣ್ಣೆ ಬಿಳಿ ಗೆರೆಯನ್ನು ತೇವ ಮಾಡಿ ಮರೆಮಾಡುತ್ತದೆ, ನಿಜ. ನಾಲ್ಕು ದಿನಕ್ಕೆ ಗೆರೆ ಮತ್ತೆ ಕಾಣುತ್ತದೆ. ಟೂತ್‌ಪೇಸ್ಟ್ ಮಾತ್ರ ಬೇಡ. ಅದರಲ್ಲಿರುವುದು ಉಜ್ಜುವ ಪುಡಿ, ಗೀರಿನ ಸುತ್ತಲಿನ ಹೊಳಪನ್ನೂ ತಿನ್ನುತ್ತದೆ.

6. ಮರಕ್ಕೆ ತಾಗಿದ ಗೀರು, ಹಳ್ಳ

ನಮ್ಮ ಬಡಗಿಗಳ ಹಳೆ ಅಭ್ಯಾಸ ಫೆವಿಕಾಲ್‌ಗೆ ಗರಗಸದ ಹೊಟ್ಟು ಕಲಸಿ ಮೆತ್ತುವುದು. ಪೇಂಟ್ ಬಳಿಯುವ ಬಾಗಿಲಿಗೆ ಅದು ನಡೆಯುತ್ತದೆ. ಮರದ ಬಣ್ಣ ಕಾಣುವ ನೆಲಕ್ಕೆ ನಡೆಯದು. ಆರಿದ ಬಿಳಿ ಅಂಟು ಬಣ್ಣ ಹೀರುವುದಿಲ್ಲ. ಸುತ್ತಲಿನ ಮರ ಸ್ಟೇನ್ (ಮರಕ್ಕೆ ಇಂಗುವ ಬಣ್ಣ) ಕುಡಿದು ಗಾಢವಾಗುತ್ತದೆ, ತೇಪೆ ಮಾತ್ರ ಪ್ರತ್ಯೇಕವಾಗಿ ಕೂತಿರುತ್ತದೆ.

ಸಣ್ಣ ಗೀರಿಗೆ ಮೇಣದ ಕಡ್ಡಿಯೇ ಉತ್ತಮ. ಎರಡು ಛಾಯೆಯ ಕಡ್ಡಿಗಳಿಂದ ಕಾಳಿನಷ್ಟು ಕಾಳಿನಷ್ಟು ಕಿತ್ತು, ಹಳೆ ಚಮಚದ ಬೆನ್ನನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಅದರ ಮೇಲೆ ಕಲಸಿ. ಬಣ್ಣ ಪಕ್ಕಾ ಹೊಂದದಿದ್ದರೆ ಒಂದು ಛಾಯೆ ಗಾಢದ ಕಡೆಗೇ ಇರಲಿ. ತುಸು ಕಪ್ಪಗಿನ ಗೆರೆಯನ್ನು ಕಣ್ಣು ಮರದ ಎಳೆಯೆಂದು ಬಿಟ್ಟುಬಿಡುತ್ತದೆ, ಬೆಳ್ಳಗಿನದನ್ನು ಬಿಡುವುದಿಲ್ಲ. ಮೆತ್ತಗಾದ ಮೇಣವನ್ನು ಗೀರಿಗೆ ಅಡ್ಡವಾಗಿ ಒತ್ತಿ ತುಂಬಿ, ಮೇಲೆ ತುಸು ಉಬ್ಬಿರಲಿ. ಐದು ನಿಮಿಷ ಬಿಟ್ಟು ಎಟಿಎಂ ಕಾರ್ಡಿನ ಅಂಚನ್ನು ಓರೆಯಾಗಿ ಹಿಡಿದು, ಎಳೆಯ ಉದ್ದಕ್ಕೆ ಎಳೆದು ಹೆಚ್ಚಿನದನ್ನು ಹೆರೆಯಿರಿ. ಚಾಕು ಬೇಡ, ಅದು ಪಕ್ಕದಲ್ಲಿ ಇನ್ನೊಂದು ಗೀರು ಮಾಡುತ್ತದೆ. ಕೊನೆಗೆ ಒಣ ಬಟ್ಟೆಯಿಂದ ಉಜ್ಜಿ.

ಈಗ ನೋಡಿದರೆ ಗೀರಿದ್ದಲ್ಲಿ ಒಂದೇ ಬಣ್ಣದ ಸಪಾಟು ಪಟ್ಟೆ ಕಾಣುತ್ತದೆ. ಅಕ್ಕಪಕ್ಕದ ಮರದಲ್ಲಿ ಸಣ್ಣ ಕಪ್ಪು ಎಳೆಗಳು ಓಡಿವೆ, ಇಲ್ಲಿ ಬಂದು ನಿಂತಿವೆ. ಟಚ್‌ಅಪ್ ಪೆನ್ನಿನ ತುದಿಯನ್ನು ಕಾಗದದ ಮೇಲೆ ಒತ್ತಿ ಶಾಯಿ ಕಡಿಮೆ ಮಾಡಿಕೊಂಡು, ಒಂದು ಕಡೆ ನಿಂತ ಎಳೆಯನ್ನು ಆಚೆ ಕಡೆಯ ಎಳೆಗೆ ಕೂಡಿಸಿ. ನೇರ ಗೆರೆ ಎಳೆಯಬೇಡಿ. ನಡುಗುವ ಕೈಯೇ ಇಲ್ಲಿ ವಾಸಿ, ಮರದ ಎಳೆ ಎಂದೂ ಸ್ಕೇಲಿನಂತೆ ನೇರವಿರುವುದಿಲ್ಲ. ಬೆರಳ ತುದಿಯಿಂದ ಒಮ್ಮೆ ತಟ್ಟಿ ಮಸುಕು ಮಾಡಿ. ಎದ್ದು ನಿಂತು ನೋಡಿ, ಕೂತಲ್ಲಿಂದ ನೋಡಬೇಡಿ. ನೆಲವನ್ನು ಯಾರೂ ಒಂದಡಿ ದೂರದಿಂದ ನೋಡುವುದಿಲ್ಲ.

ನೆನಪಿಡಿ: ಮೇಣ ತುಂಬಿದ ಮೇಲೆ ಅದರ ಮೇಲೆ ಪಿಯು ಹಾಕುವಂತಿಲ್ಲ. ಪಿಯು ಹಾಕುವ ಯೋಚನೆ ಇದ್ದರೆ ಮೇಣದ ಬದಲು ವುಡ್ ಫಿಲ್ಲರ್ (ಮರದ ಬಣ್ಣದ ಪುಟ್ಟಿ) ಬಳಸಿ. ಅದನ್ನು 2 ಮಿ.ಮೀ.ಗಿಂತ ದಪ್ಪ ಒಂದೇ ಸಲ ತುಂಬಿದರೆ ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ. ಆಳವಿದ್ದರೆ ಎರಡು ಸಲ ತುಂಬಿ, ಪೂರ್ತಿ ಆರಿದ ಮೇಲೆ 150, ಆಮೇಲೆ 220. ಫಿಲ್ಲರಿನ ಬಣ್ಣವನ್ನು ಡಬ್ಬದಲ್ಲಿ ನೋಡಿ ಆರಿಸಬೇಡಿ. ಒಂದು ಚೂರು ಹಲಗೆಗೆ ಹಚ್ಚಿ, ಆರಿಸಿ, ಮೇಲೆ ಪಿಯು ಹಾಕಿ ನೋಡಿ, ಪಿಯು ಬಿದ್ದೊಡನೆ ಎಲ್ಲವೂ ಗಾಢವಾಗುತ್ತದೆ. ಕುರ್ಚಿ, ಮಂಚದ ಕಾಲು ನಿಲ್ಲುವ ಕಡೆ ಹಳ್ಳವಿದ್ದರೆ ಮೇಣವೂ ಫಿಲ್ಲರೂ ನಿಲ್ಲವು. ಅಲ್ಲಿಗೆ ಎರಡು ಟ್ಯೂಬಿನ ಇಪಾಕ್ಸಿ ಅಂಟೇ ಬೇಕು.

ತೇಗದ ನೆಲಕ್ಕೆ ಒಂದು ಹೆಚ್ಚಿನ ಮಾತು. ತೇಗದಲ್ಲಿ ಸ್ವಾಭಾವಿಕ ಎಣ್ಣೆ ಇದೆ, ಉಜ್ಜಿದ ಮೇಲೆ ಅದು ಮೇಲೆ ಬರುತ್ತದೆ. ಪಿಯು ಹಚ್ಚುವ ಮುಂಚೆ ಥಿನ್ನರ್ ಅಥವಾ ಅಸಿಟೋನ್‌ನಲ್ಲಿ ಒಮ್ಮೆ ಒರೆಸಿ, ಅದು ಹಾರಿದ ಕೂಡಲೇ ಹಚ್ಚಿ. ‘ತೇಗಕ್ಕೆ ಪಿಯು ನಿಲ್ಲುವುದಿಲ್ಲ’ ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಈ ಎಣ್ಣೆಯೇ.

7. ನೆಗ್ಗಿದ್ದರೆ ಇಸ್ತ್ರಿ ಪೆಟ್ಟಿಗೆ

ಒತ್ತಿಹೋದ ನಾರು ಆವಿ ಕುಡಿದರೆ ಉಬ್ಬುತ್ತದೆ. ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ನೆಗ್ಗಿದ ಜಾಗದ ಮೇಲೆ ಎರಡು ಮಡಿಕೆ ಇಡಿ. ಹತ್ತಿ ಬಟ್ಟೆಯ ಬಿಸಿಗೆ ಇಟ್ಟ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು 5ರಿಂದ 8 ಸೆಕೆಂಡು ಒತ್ತಿ, ಎತ್ತಿ ನೋಡಿ. ಮೂರ್ನಾಲ್ಕು ಸಲ ಮಾಡಬಹುದು. ಬಟ್ಟೆ ಒಣಗಿದರೆ ಸುಟ್ಟ ಕಲೆ ಬೀಳುತ್ತದೆ, ಹಾಗಾಗಿ ಪ್ರತಿ ಸಲವೂ ಒದ್ದೆ ಮಾಡಿ. ಮರುದಿನ ಪೂರ್ತಿ ಆರಿದ ಮೇಲೆ 220ರಲ್ಲಿ ಉಜ್ಜಿ ಲೇಪ ಹಚ್ಚಿ.

ಇದು ಗಟ್ಟಿಮರಕ್ಕೆ ಮತ್ತು 3 ಮಿ.ಮೀ. ಅಥವಾ ಹೆಚ್ಚಿನ ವೆನೀರ್‌ಗೆ ಮಾತ್ರ. ಲೇಪ ಒಡೆಯದೆ ಹಾಗೇ ಇದ್ದರೆ ಆವಿ ಒಳಗೆ ಹೋಗದು, ಲೇಪವೇ ಬೆಳ್ಳಗಾಗುತ್ತದೆ. ಆ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಿರಿ. ತೆಳು ವೆನೀರ್‌ಗೆ ಇಸ್ತ್ರಿ ತಾಗಿಸಿದರೆ ಕೆಳಗಿನ ಅಂಟು ಬಿಟ್ಟು ಗುಳ್ಳೆಯೇಳುತ್ತದೆ. ಲ್ಯಾಮಿನೇಟ್ ಹತ್ತಿರ ಆವಿಯನ್ನು ಸುಳಿಸಲೇಬೇಡಿ. ಎಚ್‌ಡಿಎಫ್ ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ.

8. ಕಲೆಗಳು: ಕಪ್ಪು, ಬಿಳಿ, ಹಳದಿ

ಬಿಳಿ ಉಂಗುರ ಬಿಸಿ ಲೋಟದ್ದು, ಲೇಪದೊಳಗೆ ಸಿಕ್ಕ ತೇವ. ಒಂದೆರಡು ದಿನ ಒಣಹವೆಗೆ ಬಿಟ್ಟರೆ ಬಹಳಷ್ಟು ತಾನೇ ಹೋಗುತ್ತದೆ.

ಕಪ್ಪು ಕಲೆ ಹಾಗಲ್ಲ. ತೇಗ, ಓಕ್‌ನಂಥ ಮರಗಳಲ್ಲಿರುವ ಟ್ಯಾನಿನ್ (ಚಹಾದ ಒಗರಿಗೆ ಕಾರಣವಾದದ್ದೂ ಇದೇ ಜಾತಿ) ಕಬ್ಬಿಣ ಮತ್ತು ನೀರಿನ ಜೊತೆ ಸೇರಿ ಶಾಯಿಯಂತಾಗುತ್ತದೆ. ಕಬ್ಬಿಣದ ಸ್ಟ್ಯಾಂಡಿನ ಕಾಲು, ಹೂಕುಂಡದ ತಟ್ಟೆ ಇವೇ ಅಪರಾಧಿಗಳು. ಪಾತ್ರೆ ತಿಕ್ಕುವ ಸ್ಟೀಲ್ ಉಲ್‌ನಿಂದ ನೆಲ ಉಜ್ಜಿ, ಮೇಲೆ ನೀರಿನ ಪಿಯು ಹಚ್ಚಿದರೂ ಇದೇ: ಉಳಿದ ಕಬ್ಬಿಣದ ಎಳೆ ತುಕ್ಕು ಹಿಡಿದು ನೆಲವೆಲ್ಲ ಕಪ್ಪು ಚುಕ್ಕೆ.

ಇದಕ್ಕೆ ಮದ್ದು ಆಕ್ಸಾಲಿಕ್ ಆಮ್ಲದ ಪುಡಿ, ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಲೇಪವನ್ನು ಉಜ್ಜಿ ತೆಗೆದು, ಅರ್ಧ ಲೀಟರ್ ಬಿಸಿನೀರಿಗೆ 30 ಗ್ರಾಂ ಕರಗಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿಕೊಂಡು, ಕಲೆಯ ಮೇಲೆ ಬ್ರಷ್‌ನಿಂದ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಕಲೆ ಮಾಸದಿದ್ದರೆ ಇನ್ನೊಮ್ಮೆ. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿ ಒರೆಸಿ, ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಎರಡು ದಿನ ಒಣಗಿಸಿ. ಈ ಆಮ್ಲ ವಿಷ. ಕೈಗವಸು, ಕನ್ನಡಕ, ಮಾಸ್ಕ್ ಬೇಕು. ಮಕ್ಕಳು, ನಾಯಿ ಬೆಕ್ಕು ಆ ಕೋಣೆಯಲ್ಲಿರಬಾರದು. ಬ್ಲೀಚ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಒಣಗಿದ ಮೇಲೆ ಉಳಿದ ಹರಳನ್ನು ಉಜ್ಜಿ ಧೂಳೆಬ್ಬಿಸಬೇಡಿ.

ಅರಿಶಿನ ಚೆಲ್ಲಿದರೆ ಒಣ ಪುಡಿಯನ್ನು ಮೊದಲು ಒಣಗಿದ್ದಂತೆಯೇ ತೆಗೆಯಿರಿ. ಸೋಪು ಹಾಕಿದರೆ ಕ್ಷಾರಕ್ಕೆ ಅದು ಕುಂಕುಮದಂತೆ ಕೆಂಪಾಗುತ್ತದೆ, ಕಲೆ ಹರಡುತ್ತದೆ. ಉಳಿದ ಹಳದಿ ಬಿಸಿಲಿಗೆ ಮಾಸುವ ಬಣ್ಣ. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನ ಕಾಯಿರಿ. ದೀಪದ ಎಣ್ಣೆಗೆ ಎಂಟಿಒ.

9. ಲ್ಯಾಮಿನೇಟ್‌ನವರಿಗೆ

ನಿಮಗೆ ಉಜ್ಜುವ ದಾರಿಯೇ ಇಲ್ಲ. ಮೇಲಿನ ಪದರದ ಕೆಳಗೆ ಇರುವುದು ಚಿತ್ರದ ಕಾಗದ. ಉಪ್ಪುಕಾಗದ ಉಜ್ಜುತ್ತ ಹೋದರೆ ಮರದ ಚಿತ್ರ ಹೋಗಿ ಕಂದು ಹಲಗೆ ಕಾಣುತ್ತದೆ. ಮೇಣದ ಕಡ್ಡಿ ಮತ್ತು ಟಚ್‌ಅಪ್ ಪೆನ್ನು, ಇಷ್ಟೇ. ಗೀರು ತೀರಾ ಕೆಟ್ಟದ್ದಾದರೆ ಹಲಗೆ ಬದಲಿಸಿ. ಗೋಡೆಗೆ ಹತ್ತಿರದ ಸಾಲಾದರೆ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಬಿಚ್ಚಿ, ಒಂದರೊಳಗೊಂದು ಸಿಕ್ಕಿಸಿದ ಹಲಗೆಗಳನ್ನು ಗೋಡೆಯ ಕಡೆಯಿಂದ ಒಂದೊಂದೇ ಓರೆಯಾಗಿ ಎತ್ತುತ್ತ ಬರಬಹುದು. ಮತ್ತೆ ಜೋಡಿಸುವಾಗ ಗೋಡೆಯ ಬಳಿ 8ರಿಂದ 10 ಮಿ.ಮೀ. ಬಿಡುವು ಹಾಗೇ ಇರಲಿ. ಅದು ಮುಚ್ಚಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಿ ನಡುವೆ ಗುಡ್ಡದಂತೆ ಏಳುತ್ತದೆ. ಕೋಣೆಯ ನಡುವಿನ ಹಲಗೆಯಾದರೆ ಕೆಲಸಗಾರರನ್ನು ಕರೆಸಿ. ಹೊಸ ಮನೆಗೆ ಹಾಸುವಾಗಲೇ ಒಂದು ಪೆಟ್ಟಿಗೆ ಹೆಚ್ಚು ತರಿಸಿ ಅಟ್ಟದ ಮೇಲಿಡಿ. ಅದೇ ಡಿಸೈನ್ ಮೂರು ವರ್ಷದ ಮೇಲೆ ಸಿಗುವ ಭರವಸೆಯಿಲ್ಲ.

10. ಹಳೆ ಮನೆಯ ಮಾಳಿಗೆಯ ಹಲಗೆ

ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು ಹಾಸಿದ ಮಾಳಿಗೆಗಳು ತಲೆಮಾರುಗಳ ಪಾದದಿಂದಲೇ ಹೊಳಪಾಗಿರುತ್ತವೆ. ಅದರ ಮೇಲೆ ಗಾಜಿನಂಥ ಪಿಯು ಬಳಿಯುವುದು ನನಗೆ ಸರಿ ಕಾಣುವುದಿಲ್ಲ. ಸಂದುಗಳಲ್ಲಿ ಹಲಗೆ ಹಿಗ್ಗಿ ಕುಗ್ಗುವಾಗ ಲೇಪ ಅಂಚಿನಲ್ಲಿ ಸೀಳುತ್ತದೆ ಕೂಡ. ಬೇಯಿಸಿದ ಅಗಸೆ ಎಣ್ಣೆಗೆ (ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವುದು, ಮನೆಯಲ್ಲಿ ಕುದಿಸುವುದಲ್ಲ) ಸಮಪಾಲು ಟರ್ಪಂಟೈನ್ ಬೆರೆಸಿ ಬಟ್ಟೆಯಿಂದ ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷದಲ್ಲಿ ಹೀರದೆ ಉಳಿದದ್ದನ್ನೆಲ್ಲ ಒರೆಸಿ. ಒರೆಸದೆ ಬಿಟ್ಟರೆ ಅಂಟಂಟಾಗಿ ಉಳಿಯುತ್ತದೆ. ಎರಡು ದಿನ ಬಿಟ್ಟು ಇನ್ನೊಮ್ಮೆ. ಹೊನ್ನೆಯನ್ನು ಒದ್ದೆ ಬಟ್ಟೆಯಿಂದ ದೂರವಿಡಿ, ಅದರ ಬಣ್ಣ ನೀರಿಗೆ ಬಿಡುತ್ತದೆ. ಉಜ್ಜುವ ಮುಂಚೆ ತಲೆಯೆತ್ತಿದ ಮೊಳೆಗಳನ್ನು ಪಂಚ್ ಇಟ್ಟು ಒಳಗೆ ಹೊಡೆಯಿರಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ. ಮೊದಲು ಅದರ ಔಷಧಿ, ಆಮೇಲೆ ಎಣ್ಣೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಕೆಟ್ ನೀರಿನಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ತಂತಿಯ ಮೇಲೆ ಒಂಟಿ ಪದರವಾಗಿ ಹರವಿ ಒಣಗಿಸಿ.

11. ದಿನದ ಆರೈಕೆ

ಗೀರಿನ ಮುಖ್ಯ ಕಾರಣ ಬೀರುವೂ ಅಲ್ಲ, ನಾಯಿಯೂ ಅಲ್ಲ, ಮರಳು. ಮರಳಿನ ಕಣ ಯಾವ ಪಿಯುಗಿಂತಲೂ ಗಟ್ಟಿ. ಕಾಲಡಿಗೆ ಸಿಕ್ಕರೆ ಅದೇ ಉಪ್ಪುಕಾಗದ. ಹಾಗಾಗಿ ದಿನಾ ಮೈಕ್ರೊಫೈಬರ್‌ನಲ್ಲಿ ಒಣ ಗುಡಿಸುವಿಕೆ. ಬಾಲ್ಕನಿ ಬಾಗಿಲಿಗೂ ಒಂದು ಕಾಲೊರೆಸು ಇರಲಿ. ವ್ಯಾಕ್ಯೂಮ್ ಬಳಸುವುದಾದರೆ ತಿರುಗುವ ಬ್ರಷ್ ನಿಲ್ಲಿಸಿ.

ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ. ದೇವರ ಮುಂದೆ ಮರದ ನೆಲವಿದ್ದರೆ ರಂಗೋಲಿಯನ್ನು ಮಣೆಯ ಮೇಲೆ ಹಾಕಿ. ಅಕ್ಕಿಹಿಟ್ಟಿನದ್ದಾದರೆ ಗೀರು ಬೀಳದು, ಇರುವೆ ಬರುತ್ತದೆ, ಅದು ಬೇರೆ ಮಾತು.

ವಾರಕ್ಕೊಮ್ಮೆ ಒರೆಸಿ. ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಟ್ಟೆಯನ್ನು ಎಷ್ಟು ಹಿಂಡಬೇಕೆಂದರೆ ಒರೆಸಿದ ತೇವ ಒಂದು ನಿಮಿಷದೊಳಗೆ ತಾನಾಗಿ ಆರಬೇಕು. ಫಿನೈಲ್, ಆಸಿಡ್, ವಿನೆಗರ್, ಸ್ಟೀಮ್ ಮಾಪ್ ಯಾವುದೂ ಬೇಡ. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ: ಹಾಲಿನ ಟೈಲ್ಸ್ ಒರೆಸಿದ ಫಿನೈಲ್ ಬಕೆಟ್, ತೊಟ್ಟಿಕ್ಕುವ ಮಾಪ್ ಹಾಗೇ ಬೆಡ್‌ರೂಮಿಗೂ ಬರುತ್ತದೆ. ಕೆಲಸಕ್ಕೆ ಬರುವವರಿಗೆ ಮರದ ನೆಲಕ್ಕೆಂದೇ ಬೇರೆ ಬಣ್ಣದ ಬಟ್ಟೆ, ಬೇರೆ ಬಕೆಟ್ ಕೊಟ್ಟುಬಿಡಿ.

ಕುರ್ಚಿ, ಮೇಜಿನ ಕಾಲಿಗೆ ಫೆಲ್ಟ್ ಬಿಲ್ಲೆ ಅಂಟಿಸಿ. ಎರಡು ಮೂರು ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಮರಳು ಹುದುಗಿದ್ದರೆ ಬದಲಿಸಿ. ಕಂಪ್ಯೂಟರ್ ಕುರ್ಚಿಯ ಗಟ್ಟಿ ನೈಲಾನ್ ಚಕ್ರ ತೆಗೆದು ಮೃದು ರಬ್ಬರಿನ ಚಕ್ರ ಹಾಕಿಸಿ. ಬೀರು ಸರಿಸುವಾಗ ನಾಲ್ಕೂ ಕಾಲಿಗೆ ಮಡಿಸಿದ ಕಂಬಳಿ.

ಮಳೆಗಾಲದಲ್ಲಿ ಹಲಗೆಯ ಅಂಚು ಎದ್ದು ನಡು ತಗ್ಗಾದರೆ ಉಜ್ಜಿ ಸಮ ಮಾಡಲು ಹೋಗಬೇಡಿ. ಕೆಳಗಿನಿಂದ ತೇವ ಏರುತ್ತಿದೆ: ಎಸಿಯ ನೀರಿನ ಪೈಪು, ಬಚ್ಚಲ ಹೊಸ್ತಿಲು, ಕಿಟಕಿಯ ಸಂದು ಹುಡುಕಿ. ಸೋರಿಕೆ ನಿಂತರೆ ವಾರಗಳಲ್ಲಿ ಹಲಗೆ ತಾನೇ ಕೂರಬಹುದು. ಎದ್ದ ಅಂಚನ್ನು ಈಗಲೇ ಉಜ್ಜಿಬಿಟ್ಟರೆ, ಒಣಗಿದ ಮೇಲೆ ಅಂಚು ತಗ್ಗಾಗಿ ನಡು ಉಬ್ಬಾಗುತ್ತದೆ.

12. ಇಡೀ ನೆಲ ಉಜ್ಜಿಸುವಾಗ

ಹಲವು ಕಡೆ ಲೇಪ ಸವೆದು ಮರ ಬೂದಿ ಬಣ್ಣಕ್ಕೆ ತಿರುಗಿದ್ದರೆ ಯಂತ್ರದವರನ್ನು ಕರೆಸುವ ಕಾಲ ಬಂದಿದೆ. ಒಂದು ಸಲ ಪೂರ್ತಿ ಉಜ್ಜಿದರೆ ಅರ್ಧದಿಂದ ಒಂದು ಮಿ.ಮೀ. ಮರ ಹೋಗುತ್ತದೆ. 0.6 ಮಿ.ಮೀ. ವೆನೀರ್ ಇರುವವರು ಈ ಲೆಕ್ಕ ಮಾಡಿಯೇ ಫೋನ್ ಎತ್ತಿ. 2 ಮಿ.ಮೀ.ಗಿಂತ ಕಡಿಮೆಯಿದ್ದರೆ ಮರ ಮುಟ್ಟದೆ ಲೇಪ ಮಾತ್ರ ಸಣ್ಣಗೆ ಉಜ್ಜಿ ಮೇಲೊಂದು ಕೈ ಹಾಕಿಸಿ.

ಬರುವವರನ್ನು ಮೂರು ಪ್ರಶ್ನೆ ಕೇಳಿ. ಯಾವ ಯಂತ್ರ ತರುತ್ತೀರಿ? ನಾಲ್ಕಿಂಚಿನ ಕೈ ಗ್ರೈಂಡರ್ ಎಂದರೆ ಬೇಡವೆನ್ನಿ, ಅದು ಬಳೆಯಾಕಾರದ ಗೆರೆಗಳನ್ನು ಬಿಟ್ಟುಹೋಗುತ್ತದೆ. ಧೂಳು ಹೀರುವ ಚೀಲವಿರುವ ಬೆಲ್ಟ್ ಅಥವಾ ಡ್ರಮ್ ಯಂತ್ರ ಬೇಕು. ಯಾವ ನಂಬರುಗಳಲ್ಲಿ ಉಜ್ಜುತ್ತೀರಿ? 60, 80, 120 ಹೀಗೆ ಸರತಿಯಲ್ಲಿ ಹೋಗಬೇಕು. 60ರಿಂದ ನೇರ 120ಕ್ಕೆ ಹಾರಿದರೆ ಮೊದಲಿನ ಗೆರೆ ಒಳಗೇ ಉಳಿದು ಪಿಯು ಕೆಳಗೆ ಕಾಣುತ್ತದೆ. ಎಷ್ಟು ಕೈ ಲೇಪ? ಮೂರಕ್ಕಿಂತ ಕಡಿಮೆಗೆ ಒಪ್ಪಬೇಡಿ, ಮತ್ತು ದರ ಮಾತಾಡುವಾಗ ಡಬ್ಬದ ಹೆಸರು, ಹೊಳಪಿನ ಬಗೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.